ಸಹಿ ಹಾಕದವರ ಮಾತು

ಬೆಳಕು ಹರಿಯುವ ಮುಂಚೆಯೇ ಆಕೆ ಜೈಲಿನ ಗೇಟಿನೆದುರು ಕಲ್ಲುಬೆಂಚಿನ ಮೇಲೆ ಕೂತಾಗಿದೆ. ಪಕ್ಕದಲ್ಲಿ ಚಹಾದ ಫ್ಲಾಸ್ಕು, ಮಡಿಲಲ್ಲಿ ರೆಕಾರ್ಡರು. ದೊಡ್ಡ ಗೇಟಿನೊಳಗಿನ ಸಣ್ಣ ಬಾಗಿಲು ಕಿರ್ರೆನ್ನುತ್ತದೆ. ಪ್ಲಾಸ್ಟಿಕ್ ಚೀಲ ಹಿಡಿದ ಒಬ್ಬಾತ ಹೊರಬಂದು, ಎಡಕ್ಕೋ ಬಲಕ್ಕೋ ತಿಳಿಯದೆ ನಿಲ್ಲುತ್ತಾನೆ.

"ಚಾ ಕುಡೀರಿ ಅಣ್ಣ, ಆಮೇಲೆ ಯೋಚ್ನೆ ಮಾಡೋಣ," ಎನ್ನುತ್ತಾಳೆ.

ಅಪರಾಧ ನ್ಯಾಯ ಮತ್ತು ಸಾರ್ವಜನಿಕ ನೀತಿ ಆಕೆಯ ಪಿಎಚ್‌ಡಿ ವಿಷಯ. ಬಿಡುಗಡೆಯಾದವರು ಮೊದಲ ವಾರ ಎಲ್ಲಿ ಮಲಗುತ್ತಾರೆ, ಯಾರು ಕೆಲಸ ಕೊಡುತ್ತಾರೆ, ಕೆಲವರು ಯಾಕೆ ಮತ್ತೆ ಒಳಗೇ ಹೋಗುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯುವ ಕೆಲಸ. ಐದನೇ ವರ್ಷ ಎಳೆಯುತ್ತಿದೆ. "ಮಗಳೇನ್ ಮಾಡ್ತಾಳೆ ಅಂತ ಕೇಳಿದ್ರೆ, ಜೈಲಿಗೆ ಹೋಗ್ಬರ್ತಾಳೆ ಅಂತೀನಿ. ಆಮೇಲೆ ಯಾರೂ ಏನೂ ಕೇಳಲ್ಲ," ಎನ್ನುತ್ತಾರೆ ತಾಯಿ, ಬಟ್ಟೆ ಒಣಹಾಕುತ್ತ.

ಆಕೆಯ ತಲೆ ಕೆಟ್ಟಿರುವುದು ತಾಯಿಯ ಮಾತಿಗಲ್ಲ, ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆ ಸಮಿತಿಯ ನಿಯಮಕ್ಕೆ. ಮಾತಾಡಿದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದರೆ ಅವರ ಮಾತನ್ನು ಬಳಸುವಂತಿಲ್ಲ. ಜೈಲಿಂದ ಬಂದವರೋ, ಹೊಟ್ಟೆಯಲ್ಲಿದ್ದದ್ದೆಲ್ಲ ಹೇಳಿಕೊಂಡು, ಪೆನ್ನು ಕಂಡೊಡನೆ ಎದ್ದು ನಡೆಯುತ್ತಾರೆ. ಅವರಲ್ಲೊಬ್ಬರು, ಟೈಲರ್, ಕಾರಣ ಹೇಳುತ್ತಾರೆ: "ಸ್ಟೇಷನ್ನಲ್ಲಿ 'ಇಲ್ಲೊಂದು ಸಹಿ ಹಾಕು, ಮನೆಗೆ ಹೋಗು' ಅಂದ್ರು. ಹಾಕ್ದೆ. ಮನೆ ಸೇರೋಕೆ ಮೂರು ವರ್ಷ ಆಯ್ತು."

"ಸಮಿತಿಗೆ ಇದನ್ನೇ ಹೇಳ್ದೆ," ಎಂದು ಆಕೆ ಟೈಲರ್ ಎದುರು ಹಣೆ ಚಚ್ಚಿಕೊಳ್ಳುತ್ತಾಳೆ. "ಏನಂದ್ರು ಗೊತ್ತಾ? ಸಹಿ ಹಾಕೋಕೆ ಇಷ್ಟ ಇಲ್ಲ ಅಂತ ಬರೆಸಿ, ಅದರ ಕೆಳಗೆ ಅವರ ಸಹಿ ತಗೊಂಡು ಬನ್ನಿ ಅಂದ್ರು."

ಈ ತಿಂಗಳೊಳಗೆ ಇತ್ಯರ್ಥವಾಗದಿದ್ದರೆ ರೆಕಾರ್ಡರಿನಲ್ಲಿರುವುದನ್ನೆಲ್ಲ ಅಳಿಸಬೇಕು. ಅದನ್ನು ಕೇಳಿ ಟೈಲರ್‌ಗೇ ಮೈ ಉರಿಯುತ್ತದೆ. "ನಡಿಯಮ್ಮ, ನಾನೇ ಬಂದು ಬಾಯಲ್ಲಿ ಹೇಳ್ತೀನಿ. ಕೋರ್ಟಲ್ಲಂತೂ ನನ್ನ ಯಾರೂ ಏನೂ ಕೇಳ್ಲಿಲ್ಲ."

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಾರೆ. ವಿಶ್ವವಿದ್ಯಾಲಯದ ಗೇಟಿನಲ್ಲಿ ಕಾವಲುಗಾರ ಸಂದರ್ಶಕರ ಪುಸ್ತಕ ಮುಂದೆ ತಳ್ಳುತ್ತಾನೆ: "ಇಲ್ಲೊಂದು ಸಹಿ ಹಾಕಿ, ಒಳಗೆ ಹೋಗಿ."

"ನೋಡಮ್ಮ, ಇಲ್ಲೂ ಅದೇ ರಾಗ," ಎಂದು ಟೈಲರ್ ಫುಟ್‌ಪಾತಿನ ಮೇಲೆ ಕೂತುಬಿಡುತ್ತಾರೆ.

ಆಕೆ ಫೋನಿನಲ್ಲಿ ಗೋಗರೆದ ಮೇಲೆ ಸಮಿತಿಯ ಅಧ್ಯಕ್ಷೆಯೇ ಮೆಟ್ಟಿಲಿಳಿದು ಬರಬೇಕಾಗುತ್ತದೆ. ಬಿಸಿಲಲ್ಲಿ ನಿಂತು ಟೈಲರ್ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. "ಎಲ್ಲ ಸರಿ. ಆದ್ರೂ ಕಾಗದದ ಮೇಲೆ ಯಾರಾದ್ರೂ ಒಬ್ರು ಸಹಿ ಹಾಕ್ಲೇಬೇಕಲ್ಲ?"

"ಈಯಮ್ಮ ಹಾಕ್ಲಿ," ಎನ್ನುತ್ತಾರೆ ಟೈಲರ್. "ಹೆಸರು ಹೊರಗೆ ಬಿಡಲ್ಲ ಅಂತ ಮಾತು ಕೊಟ್ಟಿರೋದು ಈಯಮ್ಮ. ನಾನೇನು ಕೊಟ್ಟಿದೀನಿ?"

ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು, ಆಗಲಿ ಎನ್ನುತ್ತಾರೆ.

ಈಗ, ಹೆಸರು ಹೊರಬಿಡುವುದಿಲ್ಲ ಎಂಬ ಪತ್ರಕ್ಕೆ ಸಹಿ ಹಾಕುವವಳು ಆಕೆ. ಅದನ್ನು ಇಟ್ಟುಕೊಳ್ಳುವವರು ಮಾತಾಡಿದವರು. ಮರುದಿನ ಬೆಳಗ್ಗೆ ಅದೇ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳುತ್ತಾಳೆ: "ನನ್ನ ಸಹಿ ಅಷ್ಟೂ ಜನರ ಜೇಬಲ್ಲಿರುತ್ತೆ ಇನ್ನು. ಮಾತು ತಪ್ಪಿದ್ರೆ ಹುಡುಕ್ಕೊಂಡು ಬರ್ತಾರೆ. ಬರ್ಲಿ, ನಾನು ಇಲ್ಲೇ ಇರ್ತೀನಲ್ಲ."