ದೊಡ್ಡಪ್ಪ ಹೇರು ಕಟ್ಟಿದ ಕಾರು

ಅವತ್ತು ಬೆಳಿಗ್ಗೆ ವರ್ತೂರಿನ ನಮ್ಮ ಮನೆಯ ಮುಂದೆ ಇದ್ದವರು ಇಷ್ಟು ಜನ: ಜಗಲಿಯ ಮೇಲೆ ಮಂಡಿ ಮಡಚಿ ಕೂತಿದ್ದ ದೊಡ್ಡಪ್ಪ, ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದ ದೊಡ್ಡಮ್ಮ, ಅಂಗಳದ ತುಂಬ ಹರಡಿದ ಪಾತ್ರೆಪಡಗಗಳ ನಡುವೆ ಅವರ ಮಗಳು, ಅಂದರೆ ನನ್ನ ಅಕ್ಕ, ಮತ್ತು ಕಾರಿನ ಬೀಗದ ಕೈ ಹಿಡಿದು ನಿಂತ ನಾನು. ಇನ್ನೊಬ್ಬಳು ಮಹಡಿಯ ಮೇಲೆ ಕಂಬಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಆಂಧ್ರದವಳು, ವೈಟ್‌ಫೀಲ್ಡಿನ ಆಫೀಸೊಂದಕ್ಕೆ ಹೋಗುತ್ತಿದ್ದಳು. ಕನ್ನಡವನ್ನೆಲ್ಲ ದೊಡ್ಡಮ್ಮನಿಂದ ಕಲಿತಿದ್ದರಿಂದ ಅವಳ ಕನ್ನಡದಲ್ಲಿ ಹಕಾರವೇ ಇರಲಿಲ್ಲ.

ಅಕ್ಕ ಜಿಗಣಿಯಲ್ಲಿ ಒಂದು ಊಟದ ಮೆಸ್ಸು ಇಡುವವಳಿದ್ದಳು. ಅಲ್ಲಿನ ಕಾರ್ಖಾನೆಗಳ ಹುಡುಗರಿಗೆ ಮನೆ ಊಟ ಸಿಗುವುದಿಲ್ಲವೆಂದು ಅವಳ ಲೆಕ್ಕಾಚಾರ. ಭಾವ ಮುಂಚೆಯೇ ಹೋಗಿ ಅಂಗಡಿಗೆ ಸುಣ್ಣ ಹೊಡೆಸುತ್ತಿದ್ದರು. ನಾವು ಸಾಮಾನು ಸಾಗಿಸಬೇಕು, ಮಧ್ಯಾಹ್ನದ ಹೊತ್ತಿಗೆ ಒಲೆ ಹಚ್ಚಿ ಹಾಲುಕ್ಕಿಸಬೇಕು. ಸಾಮಾನೆಂದರೆ ಅಕ್ಕಿ ಮೂಟೆ, ಕಬ್ಬಿಣದ ಒಲೆ, ಕೊಳದಪ್ಪಲೆಗಳು, ತಟ್ಟೆಗಳ ಬುಟ್ಟಿ, ಹಾಸಿಗೆ ಸುರುಳಿ, ಎಲ್ಲಕ್ಕೂ ಮಿಗಿಲಾಗಿ ಒಂದು ಒರಳುಕಲ್ಲು. ಮಿಕ್ಸಿ ಇದೆಯಲ್ಲ ಅಂದಿದ್ದಕ್ಕೆ ದೊಡ್ಡಮ್ಮ, "ಮಿಕ್ಸಿ ಕಾರ ಒಟ್ಟೆಗೆ ಓಯ್ತದೆ, ನಾಲ್ಗೆಗೆ ಸಿಕ್ಕಲ್ಲ. ಕಲ್ಲು ಓಗ್ಲಿ ಸುಮ್ಕಿರು" ಅಂದಿದ್ದರು.

ಟೆಂಪೋ ಕರೆಸಬಹುದಿತ್ತು. ಆದರೆ ದೊಡ್ಡಮ್ಮ ಹಿಂದಿನ ದಿನ ನನ್ನನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದ್ದರು: "ನಿನ್ ಕಾರಲ್ಲೇ ತಗಂಡೋಗು ತಾಯಿ. ನಿಮ್ ದೊಡ್ಡಪ್ಪನ ಕೈಲೇ ಏರ್ಸು. ಏನಾರ ಒಂದು ಕೆಲ್ಸ ಆ ಕೈಗೆ ಬರ್ಲಿ. ಇಲ್ದಿದ್ರೆ ಆವಯ್ಯ ಜಗಲಿ ಕಲ್ಲಾಗೋಯ್ತದೆ."

ಆ ಮಾತಿನ ತೂಕ ನನಗೆ ಗೊತ್ತಿತ್ತು. ಒಂದು ಕಾಲದಲ್ಲಿ ಊರಿನಲ್ಲಿ ಯಾರ ಗಾಡಿಗೆ ಹೇರು ಕಟ್ಟಬೇಕಾದರೂ ದೊಡ್ಡಪ್ಪನನ್ನು ಕರೆಯುತ್ತಿದ್ದರು. ಕೆರೆ ಹಿಂದಿನ ಗದ್ದೆಯ ಸೊಪ್ಪು, ತರಕಾರಿ, ಭತ್ತದ ಮೂಟೆ, ಮದುವೆ ಮನೆಯ ಪಾತ್ರೆ, ಏನೇ ಇರಲಿ, ಅವರು ಪೇರಿಸಿ ಹಗ್ಗ ಬಿಗಿದರೆ ಪೇಟೆ ಮುಟ್ಟುವವರೆಗೆ ಒಂದು ಸೌತೆಕಾಯಿಯೂ ಜಾರುತ್ತಿರಲಿಲ್ಲ. ಎಲ್ಲ ಹೇರಿದ ಮೇಲೆ ನೊಗವನ್ನು ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಅದು ಮೆಲ್ಲಗೆ ಎದ್ದು ಮೆಲ್ಲಗೆ ಇಳಿದರೆ ಎತ್ತು ಕಟ್ಟಲು ಅಪ್ಪಣೆ. ಆಮೇಲೆ ಕೆರೆ ನೀರು ಕೆಟ್ಟಿತು, ಗದ್ದೆಯಲ್ಲಿ ಮನೆಗಳೆದ್ದವು, ಎತ್ತುಗಳು ಹೋದವು. ನಮಗೇನೂ ಊಟಕ್ಕೆ ಕಡಿಮೆಯಾಗಲಿಲ್ಲ, ಬಾಡಿಗೆ ಬರುತ್ತಿತ್ತು. ಆದರೆ ದೊಡ್ಡಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುವುದನ್ನು ರೂಢಿ ಮಾಡಿಕೊಂಡರು. ಕೇಳಿದರೆ, "ಬೆವ್ರೇ ಬರ್ದಿದ್ಮೇಲೆ ಅಸಿವು ಎಲ್ಲಿಂದ ಬಂದಾತು" ಅನ್ನುತ್ತಿದ್ದರು.

"ದೊಡ್ಡಪ್ಪ, ಇದೆಲ್ಲ ಕಾರೊಳಗೆ ಹಿಡಿಸೋದು ನನ್ನ ಕೈಲಾಗಲ್ಲ. ನೀವೇ ಹೇರಿಕೊಡಿ" ಅಂದೆ.

ಅವರು ನನ್ನ ಮುಖ ನೋಡಿದರು, ಸಾಮಾನು ನೋಡಿದರು, ಟವಲ್ಲು ತಲೆಗೆ ಸುತ್ತಿಕೊಂಡು ಇಳಿದೇ ಬಂದರು.

"ಇಂಜನ್ನು ಎಲ್ಲೈತೆ?"

"ಮುಂದೆ."

"ಅಂಗಾರೆ ಎಳೆಯೋನು ಮುಂದವ್ನೆ. ಎಳೆಯೋನ ಕುತ್ಗೆ ಮ್ಯಾಲೆ ಭಾರ ಆಕ್ಬಾರ್ದು" ಅಂದವರೇ ಡಿಕ್ಕಿ ತೆಗೆಸಿದರು. ಒರಳುಕಲ್ಲು ಡಿಕ್ಕಿಯ ತುದಿಗೆ ಹೋಯಿತು. ಅದರ ಪಕ್ಕ ಕಬ್ಬಿಣದ ಒಲೆ, ಮೇಲೆ ಅಕ್ಕಿ ಮೂಟೆ. ತಟ್ಟೆ ಬುಟ್ಟಿ, ದಪ್ಪಲೆ ಮುಚ್ಚಳಗಳಂಥ ಹಗುರವಾದದ್ದೆಲ್ಲ ಹಿಂದಿನ ಸೀಟಿಗೆ. ಛಾವಣಿಯ ಕ್ಯಾರಿಯರಿನ ಹಿಂತುದಿಗೆ ಕೊಳದಪ್ಪಲೆಗಳು, ಹಾಸಿಗೆ. ಹಗ್ಗ ಎಳೆಯುವಾಗ ಅವರ ತೋಳಿನ ನರಗಳು ಎದ್ದು ನಿಂತಿದ್ದನ್ನು ದೊಡ್ಡಮ್ಮ ಬಾಗಿಲಿಂದ ನೋಡುತ್ತಿದ್ದರು, ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು.

"ತಾತಾ, ಕಾರು ಇಂದೆ ಕುಂತ್ಬಿಟ್ಟೈತೆ" ಅಂದಳು ಮಹಡಿಯ ಹುಡುಗಿ.

"ಬಸುರಿ ಎಮ್ಮೆ ಇಂಗೇ ನಿಂತ್ಕಳಾದು ಕಣವ್ವಾ. ನೀನು ಕಾಫಿ ಕುಡಿ" ಅಂದರು ದೊಡ್ಡಪ್ಪ. ಅವರು ಹಾಗೆ ತಮಾಷೆ ಮಾಡಿ ಎಷ್ಟೋ ದಿನವಾಗಿತ್ತು. ಆಮೇಲೆ ಕಾರನ್ನು ಒಂದು ಸುತ್ತು ಬಂದು ಒಂದೊಂದು ಚಕ್ರದ ನಟ್ಟನಡುವೆಯೂ ಕೈಯಿಟ್ಟು ಒತ್ತಿದರು. ಗಾಡಿಯ ಕಾಲದಲ್ಲಿ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಎಂಬ ಕೀಲು ಇರುತ್ತಿತ್ತು, ಹೊರಡುವ ಮುಂಚೆ ಅದನ್ನು ಮುಟ್ಟಿ ನೋಡುವುದು ಅವರ ಪದ್ಧತಿ. ಕಾರಿಗೆ ಕಡಾಣಿಯಿಲ್ಲ. ಕೈ ಮಾತ್ರ ಮರೆತಿರಲಿಲ್ಲ.

ಆಗ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ, ಹೊಸೂರು ರಸ್ತೆಯೆಲ್ಲ ಅಗೆದು ಹಾಕಿದ್ದರು. ಹಾಗಾಗಿ ಗುಂಜೂರು, ದೊಮ್ಮಸಂದ್ರದ ಮೇಲೆ ಚಂದಾಪುರಕ್ಕೆ ಹೋಗಿ ಆ ಕಡೆಯಿಂದ ಜಿಗಣಿ ಸೇರುವುದೆಂದಾಯಿತು. ದೊಡ್ಡಪ್ಪ ನನ್ನ ಪಕ್ಕ, ಅಕ್ಕ ಹಿಂದೆ ತಟ್ಟೆ ಬುಟ್ಟಿಯ ಜೊತೆ. ಪ್ರತಿ ಹಂಪಿನಲ್ಲೂ ಕಾರಿನ ಹೊಟ್ಟೆ ಕರ್ರೆಂದಿತು. ಅದನ್ನು ನಿಧಾನ ಮಾಡಿ ದಾಟಿಸಿದೆ. ದೊಮ್ಮಸಂದ್ರ ದಾಟಿ ಸ್ವಲ್ಪ ವೇಗ ಸಿಕ್ಕಾಗ ಸ್ಟೇರಿಂಗ್ ಯಾಕೋ ಪೊಳ್ಳಾದಂತೆ ಅನ್ನಿಸತೊಡಗಿತು. ಚಕ್ರ ತಿರುಗಿಸಿದರೆ ಕಾರು ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುವುದು. ದೊಡ್ಡಪ್ಪ ಮಾತ್ರ ಹುರುಪಿನಲ್ಲಿದ್ದರು. ಈ ದಾರಿಯಲ್ಲಿ ಎಲ್ಲೆಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದರು, ಯಾವ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು, ಎಲ್ಲವೂ ಬಂತು. ಮರಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಗೇಟುಗಳಿದ್ದವು. ಅವರು ಗೇಟುಗಳಿಗೇ ಕೈ ತೋರಿಸಿ ಮರಗಳನ್ನು ಹೇಳುತ್ತ ಹೋದರು.

ಮುಂದೆ ಒಂದು ಕೆರೆ ಏರಿ. ಹತ್ತಿದ ಕೂಡಲೇ ದಾರಿ ಎಡಕ್ಕೆ ತಿರುಗುತ್ತದೆ, ಬಲಕ್ಕೆ ನೀರು. ಎದುರಿಗೆ ಬಸ್ಸು ಬಂತು. ಎಡಕ್ಕೆ ತಿರುಗಿಸಿದೆ, ಕಾರು ನೇರಕ್ಕೇ ಹೊರಟಿತು. ಇನ್ನಷ್ಟು ತಿರುಗಿಸಿ ಬ್ರೇಕು ಒತ್ತಿದ ಮೇಲೆ ಹೇಗೋ ಬಗ್ಗಿತು. ಬಸ್ಸು ಒರಸಿದಂತೆ ದಾಟಿಹೋಯಿತು. ಬ್ರೇಕಿನ ರಭಸಕ್ಕೆ ಹಿಂದಿನಿಂದ ಒಂದು ದಪ್ಪಲೆ ಮುಚ್ಚಳ ಅಕ್ಕನ ಭುಜ ಸವರಿಕೊಂಡು ಬಂದು ಗೇರಿನ ಮೇಲೆ ಬಿತ್ತು.

ಏರಿ ಇಳಿದ ಕಡೆ ಹೊಂಗೆ ಮರದ ಕೆಳಗೆ ಪಂಕ್ಚರ್ ಅಂಗಡಿಯಿತ್ತು. ಅಲ್ಲಿ ನಿಲ್ಲಿಸಿದೆ. ಭಾರವೆಲ್ಲ ಹಿಂದಕ್ಕೆ ಬಿದ್ದಿದೆಯೆಂದು ನನಗೂ ಗೊತ್ತಾಯಿತು, ಕನ್ನಡಿಯಲ್ಲಿ ನೋಡಿದರೆ ಅಕ್ಕನಿಗೂ ಗೊತ್ತಾಗಿತ್ತು. ಹಾಗೇ ಮುಂದೆ ಹೋಗುವಂತಿಲ್ಲ. ಹೇರು ತಪ್ಪಿದೆ ಅಂದರೆ ದೊಡ್ಡಪ್ಪ ಮತ್ತೆ ಜಗಲಿ ಹತ್ತುತ್ತಾರೆ, ಇನ್ನು ಇಳಿಯುವುದಿಲ್ಲ.

ಅಕ್ಕ ಇಳಿದು ಬಂದು ಅವರ ಕಿಟಕಿಗೆ ಕೈ ಊರಿದಳು.

"ಅಪ್ಪಾ, ಗಾಡೀಲಿ ಹಿಂಭಾರ ಆದ್ರೆ ಏನಾಗ್ತಿತ್ತು?"

"ಮುಂದ್ಗಡೆ ಮೂಕಿ ಮರ ಮ್ಯಾಕೇಳ್ತದೆ. ಕೊಳ್ಳಿಗೆ ಕಟ್ಟಿರೋ ಜೊತ್ತಿಗೆ ಪಟ್ಟಿ ಎತ್ತಿನ ಗಂಟ್ಲು ಇಸುಕ್ತದೆ. ಯಾಕೆ?"

"ಇವಳ ಕೈಯಲ್ಲಿ ಹಂಗೇ ಆಗ್ತಿದೆ ನೋಡು."

ದೊಡ್ಡಪ್ಪ ಇಳಿದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಹಿಂದಿನ ಚಕ್ರ ಒಳಕ್ಕೆ ಹೂತಿತ್ತು, ಮುಂದಿನದು ಎದ್ದು ನಿಂತಿತ್ತು. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಒತ್ತಿದರು, ಅದು ಸಡಿಲ ಮಂಚದಂತೆ ಕೆಳಗೆ ಹೋಗಿ ಮೇಲೆ ಬಂತು.

"ಇದ್ರಾಗೆ ಎಳೆಯೋ ಚಕ್ರ ಯಾವ್ದು?"

"ಮುಂದಿನದು" ಅಂದೆ.

"ತಿರುಗೋದು?"

"ಅದೂ ಮುಂದಿನದೇ."

"ಎಳೆಯೋದೂ ಅದೇ, ತಿರುಗೋದೂ ಅದೇ" ಅಂದು ಮುಂದಿನ ಚಕ್ರವನ್ನು ಅಂಗೈಯಲ್ಲಿ ತಟ್ಟಿದರು. ಆಮೇಲೆ ಮೆಲ್ಲಗೆ, "ಅಂಗಾರೆ ನಾನು ಎತ್ತಿನ ಕಾಲ್ನೇ ನೆಲ ಬುಡುಸ್ಬುಟ್ಟಿವ್ನಿ" ಅಂದರು.

ಅದನ್ನು ಹೇಳಿ ಟವಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಅಂಗಡಿಯ ಮುಂದೆ ಬಿದ್ದಿದ್ದ ಹಳೇ ಟೈರಿನ ಮೇಲೆ ಹೋಗಿ ಕೂತರು. "ನನ್ ಲೆಕ್ಕ ಗಾಡಿಗೇ ಸರಿ. ಇದು ನಂಗೆ ತಿಳೀದು. ನೀವೇ ತುಂಬ್ಕಳ್ರವ್ವಾ."

ನಾನು ಸಮಾಧಾನ ಹೇಳಲು ಹೊರಟೆ. ಅಕ್ಕ ಕಣ್ಣಲ್ಲೇ ಬೇಡವೆಂದಳು. ಇಬ್ಬರೂ ಸೇರಿ ಎಲ್ಲವನ್ನೂ ಕೆಳಗಿಳಿಸಿದೆವು. ಪಂಕ್ಚರ್ ಅಂಗಡಿಯಣ್ಣನೂ ಕಲ್ಲಿಗೆ ಕೈ ಹಾಕಿದ. ಆಮೇಲೆ ಅಕ್ಕ ತುಂಬತೊಡಗಿದಳು. ಅಕ್ಕಿ ಮೂಟೆ ಅಡ್ಡ, ಅದರ ಮೇಲೆ ಒಲೆ, ಒಲೆಯ ಮೇಲೆ ತಟ್ಟೆ. ಕ್ಯಾರಿಯರಿಗೆ ಹಗ್ಗ ಕಟ್ಟಿದ್ದು ನೋಡಿದರೆ ಜಡೆಗೆ ರಿಬ್ಬನ್ ಕಟ್ಟಿದಂತಿತ್ತು. ದೊಡ್ಡಪ್ಪ ಮುಖ ಆಚೆ ತಿರುಗಿಸಿದರು. ಮತ್ತೆ ಈಚೆ ತಿರುಗಿಸಿದರು. ಅಕ್ಕ ಇನ್ನೊಂದು ಗಂಟು ಹಾಕಿದಳು, ಅದು ಹಾಕುತ್ತಿದ್ದಂತೆಯೇ ಜಾರಿತು.

"ಬುಡು ಅತ್ಲಾಗೆ" ಅಂದು ದೊಡ್ಡಪ್ಪ ಎದ್ದರು. "ಅಗ್ಗ ಕಟ್ಟೋದ ಇಂಗಾ ಕಲ್ಸಿದ್ದು ನಿಂಗೆ? ಈಚ್ಗೆ ಬಾ."

ಗಾಡಿಯವನ ಮನೆಯಲ್ಲಿ ಹುಟ್ಟಿದವಳಿಗೆ ಗಂಟು ಹಾಕಲು ಬರುವುದಿಲ್ಲವೇ ಎಂದು ನಾನು ಅಕ್ಕನನ್ನು ಇವತ್ತಿಗೂ ಕೇಳಿಲ್ಲ.

ಈ ಸಲ ಒಂದೊಂದು ಸಾಮಾನಿಗೂ ಅವರು ನನ್ನನ್ನು ಕೇಳಿದರು, ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕೇಳಿದ್ದನ್ನು ನೆನೆಸಿಕೊಂಡು ಹೇಳಿದೆ. ಗೊತ್ತಿಲ್ಲದ್ದಕ್ಕೆ ಇಬ್ಬರೂ ಯೋಚಿಸಿದೆವು. ಒರಳುಕಲ್ಲು ಹಿಂದಿನ ಸೀಟಿನ ಕಾಲಿಡುವ ಜಾಗಕ್ಕೆ ಬಂತು, ಮುಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡು, ಅಲುಗದಂತೆ ಗೋಣಿಚೀಲ ಸಿಕ್ಕಿಸಿಕೊಂಡು. ಅಕ್ಕಿ ಮೂಟೆ ಡಿಕ್ಕಿಯಲ್ಲೇ, ಆದರೆ ಅಡಿಯಲ್ಲಿ, ಸೀಟಿಗೆ ತಾಗಿದಂತೆ. ಒಲೆ ಅದರ ಪಕ್ಕ. ಮುಚ್ಚಳ, ಸೌಟು, ತಟ್ಟೆ ಎಲ್ಲ ದಪ್ಪಲೆಯ ಒಳಗೆ ಸೇರಿ ಬಾಯಿಗೆ ಬಟ್ಟೆ ಬಿಗಿಸಿಕೊಂಡು ಒಲೆಯ ಬದಿಗೆ ಹೋದವು. ಮೇಲೆ ಬರೀ ಹಾಸಿಗೆ.

ಕಾರಿನ ಬಾಗಿಲಂಚಿಗೆ ಕಂಪನಿಯವರು ಅಂಟಿಸಿದ್ದ ಗಾಳಿಯ ಲೆಕ್ಕದ ಪಟ್ಟಿ ನೋಡಿ ನಾನು ಟೈರಿಗೆ ಇನ್ನಷ್ಟು ಗಾಳಿ ಹಾಕಿಸಿದೆ. "ಭಾರ ಇರೋ ದಿನಕ್ಕೊಂದು, ಇಲ್ದಿರೋ ದಿನಕ್ಕೊಂದು ಲೆಕ್ಕ ಕೊಟ್ಟಿದಾರೆ ದೊಡ್ಡಪ್ಪ" ಅಂದೆ.

"ನಾವೂ ಭಾರದ ದಿಸ ಉಳ್ಳಿ ಜಾಸ್ತಿ ಬೇಯ್ಸಿ ಆಕ್ತಿದ್ವಿ" ಅಂದರು ಅವರು. ಎತ್ತುಗಳ ಹುರುಳಿಯ ಮಾತು. ಮುಖ ತಿಳಿಯಾಗಿತ್ತು.

ಎಲ್ಲ ಮುಗಿದು ಹೊರಡೋಣವೆಂದರೆ ಅವರು ಹತ್ತಲಿಲ್ಲ. "ನೀವು ಓಗಿ. ನಾನು ಬಸ್ಸಲ್ಲಿ ಬತ್ತೀನಿ. ಭಾರ ಜಾಸ್ತಿ ಆದ್ರೆ ಗಾಡಿಯವ್ನೇ ಇಳಿದು ನಡೀಬೇಕು."

"ನೀವು ಮುಂದೆ ಕೂತ್ರೇನೇ ಮುಂದಿನ ಚಕ್ರ ನೆಲ ಹಿಡಿಯೋದು. ಇಳಿದ್ರೆ ಮತ್ತೆ ಹಗುರ ಆಗುತ್ತೆ" ಅಂದೆ. ಸುಳ್ಳೇನಲ್ಲ, ಸ್ವಲ್ಪ ನಿಜವೇ.

ಅವರು ಬಾನೆಟ್ಟು ಒತ್ತಿ ನೋಡಿದರು. ಈ ಸಲ ಅದು ಗಟ್ಟಿಯಾಗಿತ್ತು. ಆದರೂ ಬಂದು ಕೂತರು. ಸೀಟ್ ಬೆಲ್ಟ್ ಹಾಕೋಣವೆಂದರೆ ಕೊಂಡಿ ಸಿಗಲಿಲ್ಲ. ಕಾರು ಬಂದ ಹೊಸದರಲ್ಲಿ ದೊಡ್ಡಮ್ಮ ತಮ್ಮ ಹಳೇ ಸೀರೆಯಲ್ಲಿ ಸೀಟುಗಳಿಗೆ ಗವಸು ಹೊಲಿದಿದ್ದರು, ಕೊಂಡಿಗಳೆಲ್ಲ ಅದರೊಳಗೆ ಸೇರಿಹೋಗಿದ್ದವು. ಪಂಕ್ಚರ್ ಅಂಗಡಿಯಣ್ಣನ ಕತ್ತರಿ ಇಸಿದುಕೊಂಡು ಹೊಲಿಗೆ ಬಿಚ್ಚಿದೆ.

"ನಿಮ್ ದೊಡ್ಡಮ್ಮನ ಸೀರೆ ಅರಿದೋಳು ನೀನೇ ಅಂತ ಯೋಳ್ತೀನಿ" ಅಂದರು ದೊಡ್ಡಪ್ಪ. ಎದೆಯ ಮೇಲೆ ಪಟ್ಟಿ ಬಿಗಿದಾಗ ಬಗ್ಗಿ ನೋಡಿಕೊಂಡರು. "ಕೊನೆಗೆ ಜೊತ್ತಿಗೆ ನಂಗೇ ಕಟ್ಬುಟ್ಯಲ್ಲೇ."

"ಬಿಗಿ ಆಯ್ತಾ?"

"ಎತ್ತು ಯಾವತ್ತಾರ ಯೋಳಿತ್ತಾ? ಒಡಿ ಗಾಡೀನ."

ಹಿಂದೆ ಅಕ್ಕ ನಗುತ್ತ ತನ್ನ ಹೊಲಿಗೆಯನ್ನೂ ಬಿಚ್ಚಿಕೊಂಡು ಬೆಲ್ಟ್ ಹಾಕಿಕೊಂಡಳು. ಚಂದಾಪುರ, ಬೊಮ್ಮಸಂದ್ರ ದಾಟುವವರೆಗೂ ಸ್ಟೇರಿಂಗ್ ನನ್ನ ಮಾತು ಕೇಳಿತು. ನಿಧಾನವಾಗಿಯೇ ಹೋದೆ. ಜಿಗಣಿಯ ಅಂಗಡಿಯಲ್ಲಿ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಹಾಲು ಉಕ್ಕಿತು, ಒರಳುಕಲ್ಲು ಮೂಲೆಯಲ್ಲಿ ಕೂತಿತು. ದೊಡ್ಡಪ್ಪ ಹೊರಗೆ ಹೋಗಿ ಖಾಲಿ ಕಾರಿನ ಸುತ್ತ ಇನ್ನೊಂದು ಸಲ ಸುತ್ತು ಬಂದರು.

ಕೆಲವು ತಿಂಗಳ ಮೇಲೆ ಮಹಡಿಯ ಹುಡುಗಿ ಕಾರು ತೆಗೆದುಕೊಂಡಳು. ಸಂಕ್ರಾಂತಿಗೆ, ಅವಳನ್ನು ನೋಡಲು ಬಂದಿದ್ದ ಅಪ್ಪ ಅಮ್ಮನ ಜೊತೆ ಊರಿಗೆ ಹೊರಟ ಬೆಳಿಗ್ಗೆ, ಸಾಮಾನೆಲ್ಲ ತುಂಬಿಯಾದ ಮೇಲೆ, ಜಗಲಿಯ ಹತ್ತಿರ ಬಂದು ನಿಂತಳು.

"ತಾತಾ, ಒಂದ್ಸಲ ಬಂದು ನೋಡ್ತೀರಾ?"

ದೊಡ್ಡಪ್ಪ ಎದ್ದು ಹೋಗಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. "ಎಳೆಯೋ ಚಕ್ರ ಯಾವ್ದವ್ವಾ?" ಅಂದರು. ಅವಳಿಗೆ ಗೊತ್ತಿರಲಿಲ್ಲ, ಒಳಗಿನ ಪುಸ್ತಕ ತೆಗೆದು ನೋಡಿ ಮುಂದಿನದು ಅಂದಳು. ಎಲ್ಲವನ್ನೂ ಕೆಳಗಿಳಿಸಿ ಅಂದರು. ಅವಳ ಅಪ್ಪ ಏನೋ ತೆಲುಗಿನಲ್ಲಿ ಗೊಣಗಿದರು, ಆದರೂ ಇಳಿಸಿದರು. ದೊಡ್ಡಪ್ಪ ತುಂಬಿಕೊಟ್ಟು, ನಾಲ್ಕೂ ಚಕ್ರ ಮುಟ್ಟಿ, ಬೆಲ್ಟು ಹಾಕಿಸಿ ಕಳಿಸಿದರು.

ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮುದ್ದೆ ಪೂರ್ತಿ ಮುಗಿಸಿ, ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದರು. ದೊಡ್ಡಮ್ಮ ಬಿಸಿ ಮುದ್ದೆ ಬಡಿಸಿದರು.