ಗಿಟಾರ್ ತಿಪ್ಪೇಶನ ವೇಗ

1998ರಲ್ಲಿ ನಾನು ಜಿಲ್ಲಾ ಕೇಂದ್ರದ ಬಾನುಲಿ ನಿಲಯವೊಂದರಲ್ಲಿ ಕಾರ್ಯಕ್ರಮ ನಿರ್ವಾಹಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ಯಾರ ದನಿ ಎಷ್ಟು ಹೊತ್ತು ಪ್ರಸಾರವಾಗಬೇಕು ಎಂದು ನಿರ್ಧರಿಸುವುದು ಮತ್ತು ಆ ದನಿ ನಿಜವಾಗಿ ಅವರದೇ ಎಂದು ಖಚಿತಪಡಿಸಿಕೊಳ್ಳುವುದು. ಎರಡನೆಯ ಕೆಲಸ ನನಗೆ ಕಷ್ಟವಾದದ್ದು ಒಂದೇ ಸಲ.

ಆ ವರ್ಷದ ದಿನಚರಿ ಈಗಲೂ ನನ್ನ ಹತ್ತಿರ ಇದೆ. ಈ ಪ್ರಸಂಗದ ಬಗ್ಗೆ ಅದರಲ್ಲಿರುವುದು ‘ಚಳ್ಳಕೆರೆಗೆ ಹೋಗಿ ಬಂದೆ, ವಿಪರೀತ ಸೆಖೆ’ ಎಂಬಂಥ ಸಾಲುಗಳಷ್ಟೇ. ಹಾಗಾಗಿ ಇಲ್ಲಿನ ಮಾತುಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಕೆಲವು ಮಾತುಗಳು ಖಂಡಿತ ಹೀಗೆಯೇ ಇದ್ದವು. ಉಳಿದವು ಸುಮಾರಾಗಿ ಹೀಗಿದ್ದವು ಎಂದುಕೊಂಡಿದ್ದೇನೆ.

ತಿಪ್ಪೇಶ ಮೊಳಕಾಲ್ಮೂರಿನ ನೇಕಾರರ ಹುಡುಗ. ಮದುವೆ, ಗಣಪತಿ ಪೆಂಡಾಲುಗಳಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಒಂದರಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದ. ಗಾಯಕರು ನೀರು ಕುಡಿಯಲು ಹೋದಾಗ ಅವನು ಆಂಪ್ಲಿಫೈಯರಿನ ದನಿ ಒಡೆಯುವಷ್ಟು ಏರಿಸಿ ಒಬ್ಬನೇ ರಾಕ್ ನುಡಿಸುತ್ತಿದ್ದ. ಜನ ಹಾಡಿಗಿಂತ ಆ ಬಿಡುವಿಗೆ ಕಾಯತೊಡಗಿದರು. 1995ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ, ಕಾಮಾಲೆಯಿಂದ ತೀರಿಕೊಂಡ. ಅವನು ನುಡಿಸಿದ್ದೆಂದು ಉಳಿದಿದ್ದು ಒಂದೇ ಕ್ಯಾಸೆಟ್. ಅದರ ಪ್ರತಿಗಳು ಚಳ್ಳಕೆರೆಯ ಆಟೋಗಳಲ್ಲೆಲ್ಲ ಓಡಾಡುತ್ತಿದ್ದವು.

ಮೂಲ ಕ್ಯಾಸೆಟ್ ಇದ್ದದ್ದು ಜಬೀವುಲ್ಲಾನ ಬಳಿ. ಅವನು ಚಳ್ಳಕೆರೆ ಬಸ್ ನಿಲ್ದಾಣದ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದ, ತಿಪ್ಪೇಶನ ಅಭಿಮಾನಿಗಳಿಗೆ ಮುಖಂಡನಂತಿದ್ದ. ತಿಪ್ಪೇಶ ತೀರಿಕೊಂಡ ದಿನದಂದು ಅರ್ಧ ಗಂಟೆಯ ಕಾರ್ಯಕ್ರಮ ಬೇಕೆಂದು ಅವನೇ ನಿಲಯಕ್ಕೆ ಬಂದು ಕೇಳಿದ. ನಾನು ಒಪ್ಪಿ, ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಅವನ ಅಂಗಡಿಗೆ ಹೋದೆ. ಅಲ್ಲಿ ಆರೇಳು ಮಂದಿ ಸೇರಿದ್ದರು. ಒಬ್ಬ ಗಿಟಾರ್ ಕೆಂಪು ಬಣ್ಣದ್ದು ಎಂದ. ಇನ್ನೊಬ್ಬ ಕಪ್ಪು ಎಂದ.

“ಲೇ, ನೀನು ಸ್ಟೇಜ್ ಹಿಂದೆ ಬೋಂಡಾ ತಿಂತಿದ್ದೆ ಕಣಲೇ. ನಿನಗೇನು ಕಾಣ್ತೈತೆ?”

“ಹಿಂದಿನಿಂದ ನೋಡಿದ್ರೆ ಗಿಟಾರ್ ಬಣ್ಣ ಬದಲಾಗ್ತೈತೇನಲೇ?”

ಬಣ್ಣದಲ್ಲಿ ಜಗಳವಿದ್ದರೂ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಮಾತು. ತಿಪ್ಪೇಶ ನಿಧಾನವಾಗಿ ಶುರು ಮಾಡುತ್ತಿದ್ದ, ಹೋಗ್ತಾ ಹೋಗ್ತಾ ವೇಗ ಏರಿಸುತ್ತಿದ್ದ, ಕೊನೆಗೆ ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ. “ಅದು ಅಣ್ಣನ ಸ್ಟೈಲ್ ಸಾರ್,” ಎಂದ ಜಬೀವುಲ್ಲಾ. “ಯಾರ ಕೈಲೂ ಆಗಲ್ಲ. ಕ್ಯಾಸೆಟ್ ಕೇಳಿ, ಗೊತ್ತಾಗ್ತೈತೆ.”

ಕೇಳಿದೆ. ಅವರು ಹೇಳಿದಂತೆಯೇ ಇತ್ತು. ನಾನೂ ಒಮ್ಮೆ, 1993ರಲ್ಲೋ 94ರಲ್ಲೋ, ಅವನ ಕಾರ್ಯಕ್ರಮ ನೋಡಿದ್ದೆ. ನನಗೂ ನೆನಪಿದ್ದದ್ದು ಆ ಏರುವ ವೇಗವೇ.

ನಮ್ಮಲ್ಲಿ ಒಂದು ನಿಯಮವಿತ್ತು. ತೀರಿಕೊಂಡ ಕಲಾವಿದನ ಖಾಸಗಿ ಮುದ್ರಣ ಪ್ರಸಾರ ಮಾಡುವ ಮೊದಲು, ಅದು ಅವನದೇ ಎಂದು ಮನೆಯವರು ಹೇಳಬೇಕು. ಅದನ್ನು ಹೇಳಿದಾಗ ಹಳೆಯ ಕಥೆಯೊಂದು ಹೊರಬಂತು. ಎರಡು ವರ್ಷಗಳ ಹಿಂದೆ ಅಭಿಮಾನಿಗಳು ತಿಪ್ಪೇಶನ ತಾಯಿ ಲಕ್ಷ್ಮಕ್ಕನನ್ನು ಕರೆತಂದು ಕ್ಯಾಸೆಟ್ ಕೇಳಿಸಿದ್ದರಂತೆ. ಆಕೆ ಪೂರ್ತಿ ಕೇಳಿ, “ಇದು ನನ್ನ ಮಗ ಅಲ್ಲ” ಎಂದು ಎದ್ದು ಹೋಗಿದ್ದಳಂತೆ. ಆಮೇಲೆ, ಕ್ಯಾಸೆಟ್ಟು ಬಳ್ಳಾರಿ ಕಡೆಯ ಯಾರದೋ, ಜಬೀವುಲ್ಲಾ ವ್ಯಾಪಾರಕ್ಕೆ ತಿಪ್ಪೇಶನ ಹೆಸರು ಅಂಟಿಸಿದ್ದಾನೆ ಎಂದು ಊರಲ್ಲಿ ಮಾತು ಹುಟ್ಟಿತ್ತು.

“ಖುದ್ದು ನಾನೇ ರೆಕಾರ್ಡ್ ಮಾಡಿದ್ದು ಸಾರ್,” ಎಂದ ಅವನು. “ಆ ತಾಯಿ ಯಾಕೆ ಹಂಗಂದ್ಲೋ ಅಲ್ಲಾಗೇ ಗೊತ್ತು.”

ಮರುವಾರ ನಾನು ಮೊಳಕಾಲ್ಮೂರಿಗೆ ಹೋದೆ. ಲಕ್ಷ್ಮಕ್ಕ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದರು. ಅಲ್ಲಿನ ರೇಷ್ಮೆ ಸೀರೆಗೆ ಎರಡೂ ಕಡೆ ಬೇರೆ ಬಣ್ಣದ ಅಂಚು ಬರಬೇಕಾದರೆ ಮೂರು ಲಾಳಿ ಓಡಬೇಕು. ಅದಕ್ಕೆ ನೇಯುವವರ ಪಕ್ಕ ಕೂತು ಮೂರನೆಯ ಲಾಳಿ ಎಸೆಯುವ ಇನ್ನೊಂದು ಕೈ ಬೇಕು. ಮಗ ಆರ್ಕೆಸ್ಟ್ರಾ ಸೇರಿದ ಮೇಲೆ ಆ ಜಾಗ ಖಾಲಿಯಾಗಿ, ಆಕೆ ಒಂದೇ ಬಣ್ಣದ ಸಾದಾ ಸೀರೆ ನೇಯತೊಡಗಿದ್ದರು. ಇದನ್ನು ಆಕೆ ದೂರಿನಂತೆ ಹೇಳಲಿಲ್ಲ. ನಾನು ಪಕ್ಕದ ಹಲಗೆಯ ಮೇಲೆ ಕೂರಲು ಹೋದಾಗ, “ಅಲ್ಲಿ ಬ್ಯಾಡಪ್ಪ, ಈ ಕಡೆ ಕೂತ್ಕೋ. ಅದು ಅವನ ಜಾಗ,” ಎಂದು ಶುರು ಮಾಡಿ ವಿವರಿಸಿದರು.

ಕ್ಯಾಸೆಟ್ ವಿಷಯ ಎತ್ತಿದೆ.

“ಅದ್ರಲ್ಲಿ ಕೊನೀಗೆ ಯಾರೋ ಮಾತಾಡ್ತಾನೆ. ಕೀಚಲು ದನಿ. ನನ್ನ ಮಗಂದು ಅವರಪ್ಪನ ಥರ ದಪ್ಪ ದನಿ. ಓಣಿ ಆ ತುದಿಯಿಂದ ಕರೆದ್ರೆ ಇಲ್ಲಿಗೆ ಕೇಳೋದು.”

“ಬಾಜಾ ಕೇಳಿ ಗುರುತು ಸಿಗಲಿಲ್ಲವಾ?”

“ಬಾಜಾ ನನಗೇನ್ ತಿಳೀತೈತೆ? ಮನೇಲಿ ಒಂದು ಫೋಟೋ ಐತೆ. ಫೋಟೋ ಮಾತಾಡಲ್ಲ. ದನಿ ಸಿಗ್ತೈತೆ ಅಂತ ಅಷ್ಟು ದೂರ ಹೋದೆ ಕಣಪ್ಪ. ಯಾರದ್ದೋ ದನಿ ತಂದು ಕೇಳಿಸಿದ್ರು.”

ಅವನ ಕಾರ್ಯಕ್ರಮಕ್ಕೆ ಯಾವತ್ತಾದರೂ ಹೋಗಿದ್ದಿರಾ ಎಂದು ಕೇಳಿದೆ.

“ಮಗ್ಗ ಬಿಟ್ಟು ಎಲ್ಲಿಗೆ ಹೋಗ್ಲಿ? ನಾನು ಹೋಗಿಲ್ಲ,” ಎಂದು ಲಾಳಿ ಎಸೆದರು.

ಯಾರನ್ನು ನಂಬುವುದು? ಜಬೀವುಲ್ಲಾ ಸುಳ್ಳುಗಾರನಂತೆ ಕಂಡಿರಲಿಲ್ಲ. ತಾಯಿ ಮಗನ ದನಿ ಮರೆಯುವುದೂ ಸಾಧ್ಯವಿರಲಿಲ್ಲ. ಕ್ಯಾಸೆಟ್ಟನ್ನು ನಿಲಯಕ್ಕೆ ತಂದು, ಸ್ಟುಡಿಯೋದ ದೊಡ್ಡ ಸ್ಪೂಲ್ ಟೇಪಿಗೆ ಪ್ರತಿ ಮಾಡಿ, ಸಂಗೀತವನ್ನು ಬಿಟ್ಟು ಸಂಗೀತದ ನಡುವಿನ ಮೌನವನ್ನು ಕೇಳತೊಡಗಿದೆ. ಕರೆಂಟಿನಲ್ಲಿ ನಡೆಯುವ ಆಂಪ್ಲಿಫೈಯರ್ ಸದಾ ಸಣ್ಣಗೆ ಗುಂಯ್ ಎನ್ನುತ್ತದೆ. ಇದನ್ನು ನಾವು ಹಮ್ ಎನ್ನುತ್ತೇವೆ. ವಿದ್ಯುತ್ತಿನ ಕಂಪನ ಹೆಚ್ಚುಕಡಿಮೆ ಸ್ಥಿರವಾಗಿರುವುದರಿಂದ ಹಮ್ಮಿನ ಶ್ರುತಿಯೂ ಸ್ಥಿರ. ಈ ಟೇಪಿನಲ್ಲಿ ಅದು ಏರುತ್ತಿತ್ತು. ಆರಂಭದಲ್ಲಿ ಸುಮಾರಾಗಿ ಸರಿಯಿದ್ದದ್ದು, ಕೊನೆಗೆ ಬರುವಷ್ಟರಲ್ಲಿ ಸೊಳ್ಳೆಯ ದನಿಯಾಗಿತ್ತು.

ಗಿಟಾರ್ ವೇಗವಾಗಬಹುದು. ಹಮ್ ವೇಗವಾಗಲಾರದು.

ಜಬೀವುಲ್ಲಾನಿಗೆ ಫೋನ್ ಮಾಡಿ, ಅವತ್ತು ಟೇಪ್‌ರೆಕಾರ್ಡರಿಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೆ ಎಂದು ಕೇಳಿದೆ.

“ಕರೆಂಟ್ ಎಲ್ಲಿ ಸಾರ್? ಎಣ್ಣೆ ಮಿಲ್ಲಿನ ಅಂಗಳ, ಜನದ ಮಧ್ಯೆ ಕೂತಿದ್ದೆ. ಸೆಲ್ ಹಾಕಿದ್ದೆ.”

“ಹೊಸವಾ?”

“ಹಳೇವು. ಆದ್ರೆ ಬೆಳಿಗ್ಗೆಯಿಂದ ತಗಡಿನ ಮೇಲೆ ಬಿಸಿಲಿಗಿಟ್ಟಿದ್ದೆ ಸಾರ್, ಚೆನ್ನಾಗಿ ಕಾದಿದ್ವು.”

ಅದು ಅವನೊಬ್ಬನ ತಪ್ಪಲ್ಲ. ಆಗ ಆ ಸೀಮೆಯಲ್ಲಿ ಮುಗಿದ ಸೆಲ್ಲನ್ನು ಯಾರೂ ಎಸೆಯುತ್ತಿರಲಿಲ್ಲ. ಬಿಸಿಲಿಗೇನೂ ಬರವಿರಲಿಲ್ಲ. ಒಣಗಿಸಿದರೆ ಸೆಲ್ಲು ಒಂದಿಷ್ಟು ಹೊತ್ತು ಮತ್ತೆ ಜೀವ ಹಿಡಿಯುತ್ತದೆ, ಆಮೇಲೆ ಸೋಲತೊಡಗುತ್ತದೆ. ಸೆಲ್ ಸೋತಂತೆ ಮುದ್ರಿಸುವ ಟೇಪು ನಿಧಾನವಾಗಿ ಸುತ್ತುತ್ತದೆ. ಅದನ್ನೇ ಮುಂದೆ ಕರೆಂಟಿನಲ್ಲಿ, ಸರಿಯಾದ ವೇಗದಲ್ಲಿ ಹಾಕಿದರೆ, ನಿಧಾನವಾಗಿ ತುಂಬಿಕೊಂಡದ್ದೆಲ್ಲ ಅವಸರವಾಗಿ ಹೊರಬರುತ್ತದೆ. ಹೋಗ್ತಾ ಹೋಗ್ತಾ ಏರುವ ವೇಗ ತಿಪ್ಪೇಶನ ಸ್ಟೈಲ್ ಆಗಿರಲಿಲ್ಲ. ಅದು ಸೆಲ್ಲುಗಳು ಸಾಯುತ್ತಿದ್ದ ರೀತಿ.

ಸ್ಪೂಲ್ ಯಂತ್ರಕ್ಕೆ ವೇಗ ಹೆಚ್ಚು ಕಡಿಮೆ ಮಾಡುವ ಒಂದು ಗುಂಡಿಯಿತ್ತು. ಒಂದು ಕಿವಿಗೆ ಉಪಕರಣದಿಂದ ಸ್ಥಿರವಾದ ನಾದ, ಇನ್ನೊಂದಕ್ಕೆ ಟೇಪಿನ ಹಮ್. ಎರಡೂ ಒಂದಾಗುವಂತೆ ಗುಂಡಿಯನ್ನು ತಿರುಗಿಸುತ್ತಾ ಹೊಸ ಪ್ರತಿ ಮಾಡಿಕೊಂಡೆ. ಕೊನೆಯ ಭಾಗಕ್ಕೆ ಗುಂಡಿಯ ಮಿತಿ ಸಾಲದೆ, ನಿಧಾನ ಮಾಡಿದ್ದನ್ನೇ ಮತ್ತೆ ನಿಧಾನ ಮಾಡಬೇಕಾಯಿತು. ಬೆಳಿಗ್ಗೆ ಕೂತವನು ಏಳುವಾಗ ಸಂಜೆಯಾಗಿತ್ತು.

ಹೊರಬಂದ ಸಂಗೀತ ನನಗೆ ಗೊತ್ತಿದ್ದ ತಿಪ್ಪೇಶನದಾಗಿರಲಿಲ್ಲ. ಇವನಿಗೆ ಅವಸರವಿರಲಿಲ್ಲ. ಒಂದು ಸ್ವರವನ್ನು ತಂತಿಯ ಮೇಲೆ ಎಳೆದು, ಅದು ತಾನಾಗಿ ಆರುವವರೆಗೆ ಕಾದು, ಆಮೇಲೆ ಇನ್ನೊಂದಕ್ಕೆ ಹೋಗುತ್ತಿದ್ದ. ಕೊನೆಯಲ್ಲಿ ಕೀಚಲು ಸದ್ದು ಗಡುಸಾದ ಗಂಡು ದನಿಯಾಯಿತು. ಮಾತು ಸ್ಪಷ್ಟವಾಗಿತ್ತು: “ಲೇ, ಸ್ವಲ್ಪ ದಾರಿ ಬಿಡ್ರಲೇ. ನಮ್ಮವ್ವ ಹಿಂದೆ ನಿಂತವ್ಳೆ, ಮುಂದಕ್ಕೆ ಬರ್ಲಿ.” ಅಲ್ಲಿಗೆ ಟೇಪು ಮುಗಿಯುತ್ತಿತ್ತು.

ಇದು ನನ್ನನ್ನು ಇನ್ನಷ್ಟು ಇಕ್ಕಟ್ಟಿಗೆ ಸಿಲುಕಿಸಿತು. ಲಕ್ಷ್ಮಕ್ಕ ಯಾವ ಕಾರ್ಯಕ್ರಮಕ್ಕೂ ಹೋದವರಲ್ಲ. ಹಾಗಾದರೆ ಹಿಂದೆ ನಿಂತಿದ್ದ ತಾಯಿ ಇನ್ನಾರದೋ, ಈ ಮಗ ಇನ್ನಾರೋ. ಜಬೀವುಲ್ಲಾನ ಪರವಾಗಿ ಶುರು ಮಾಡಿದ ಕೆಲಸ ಅವನ ವಿರುದ್ಧವೇ ಸಾಕ್ಷಿ ಹುಟ್ಟಿಸಿತ್ತು. ಆದರೂ ಕೇಳಿಸದೆ ಬಿಡುವಂತಿರಲಿಲ್ಲ. ಹೊಸ ಕ್ಯಾಸೆಟ್ ಮಾಡಿಕೊಂಡು, ಚಳ್ಳಕೆರೆಯಲ್ಲಿ ಇಳಿದು, ಜಬೀವುಲ್ಲಾನನ್ನು ಅವನ ಟೇಪ್‌ರೆಕಾರ್ಡರಿನ ಸಮೇತ ಕರೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ಕ್ಯಾಸೆಟ್ಟಿನಲ್ಲಿ ಏನಿದೆಯೆಂದು ಅವನಿಗೆ ಹೇಳಿರಲಿಲ್ಲ.

“ಕರೆಂಟ್ ಐತೇನವ್ವಾ?” ಬಾಗಿಲಲ್ಲೇ ಅವನು ಕೇಳಿದ.

“ಬೆಳಿಗ್ಗೆಯಿಂದ ಐತೆ. ನೀನು ಬಂದ್ಯಲ್ಲ, ಇನ್ನು ಹೋಗ್ತೈತೆ,” ಎಂದರು ಲಕ್ಷ್ಮಕ್ಕ. ಅವನನ್ನು ಕೂರಲು ಹೇಳಲಿಲ್ಲ.

ಕ್ಯಾಸೆಟ್ ಹಾಕಿದೆ. ಆಕೆ ನೇಯ್ಗೆ ನಿಲ್ಲಿಸಲಿಲ್ಲ. ಜಬೀವುಲ್ಲಾ ಗೋಡೆಗೊರಗಿ ನಿಂತು ಕೇಳುತ್ತಾ ಹೋದ. ಅವನ ಮುಖ ಇಳಿಯುತ್ತಾ ಬಂತು.

“ಏನ್ ಮಾಡಿದ್ರಿ ಸಾರ್ ಇದನ್ನ?” ಎಂದ ಮೆಲ್ಲಗೆ. “ಯಾರೋ ಹೊಸದಾಗಿ ಕಲೀತಿರೋನು ಬಾರಿಸ್ದಂಗೈತೆ. ಇದು ನಮ್ಮಣ್ಣ ಅಲ್ಲ ಸಾರ್.”

ಅದೇ ಹೊತ್ತಿಗೆ ಆ ದನಿ ಬಂತು. ಲೇ, ಸ್ವಲ್ಪ ದಾರಿ ಬಿಡ್ರಲೇ.

ಮಗ್ಗ ನಿಂತಿತು. ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು. ಲಕ್ಷ್ಮಕ್ಕ ಸೀರೆಯ ಮೇಲೆ ಅಂಗೈ ಊರಿ ಅದನ್ನೇ ನೋಡುತ್ತಿದ್ದರು.

“ನೋಡಿದ್ದನಾ?” ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. “ನಮ್ಮಕ್ಕನ ಮನೀಗೆ ಅಂತ ಹೇಳಿ ಚಳ್ಳಕೆರೆಗೆ ಹೋಗಿದ್ದೆ. ಅವನ ಕೂಡೆ ಮಾತು ಬಿಟ್ಟಿದ್ದೆ ಆಗ. ಸೆರಗು ಹೊದ್ಕೊಂಡು ಹಿಂದೆ ನಿಂತಿದ್ದೆ. ಮೈಕಲ್ಲಿ ಏನೋ ಅಂದ, ಜನ ನನ್ನ ಕಡೆ ತಿರುಗಿದ್ರು. ಗುರುತು ಹಿಡಿದ್ರು ಅಂತ ಹೆದರಿ ಬಸ್ಸಿಗೆ ಬಂದ್ಬಿಟ್ಟೆ. ಏನಂದ ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ.”

“ಹೋಗಿಲ್ಲ ಅಂದಿದ್ರಲ್ಲ,” ಎಂದೆ.

“ಅವನಿಗೇ ಹೇಳಲಿಲ್ಲ, ನಿನಗೆ ಹೇಳ್ತೀನಾ?”

ಆಮೇಲೆ ಜಬೀವುಲ್ಲಾನನ್ನು ನೋಡಿ, “ಇನ್ನೊಂದ್ಸಲ ಹಾಕು. ಎಷ್ಟೊತ್ತು ನಿಂತಿರ್ತೀಯಾ, ಕೂತ್ಕೋ,” ಎಂದರು. ಅವನು ಟೇಪು ಹಿಂದಕ್ಕೆ ಓಡಿಸಿ, ಕೂರಲು ಜಾಗ ಹುಡುಕಿದ. ಖಾಲಿ ಹಲಗೆ ಬಿಟ್ಟು ನೆಲದ ಮೇಲೆ ಕೂತ.

ಒಪ್ಪಿಗೆ ಸಿಕ್ಕಿತು. ನಾನು ಸರಿಪಡಿಸಿದ ಪ್ರತಿಯನ್ನೇ, ಕಾರಣವನ್ನು ವಿವರಿಸಿ, ಪ್ರಸಾರ ಮಾಡಿದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಗುಳ. ನಾವು ಎದುರಿಗೆ ನಿಂತು ನೋಡಿದವರು, ಬೆರಳು ಕಾಣುತ್ತಿರಲಿಲ್ಲ, ನಿಮ್ಮ ಯಂತ್ರ ಕೆಟ್ಟಿದೆ ಎಂದು ಬರೆದಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನೋಡಿದ್ದು ಒಂದು ಸಲ, ಕ್ಯಾಸೆಟ್ ಕೇಳಿದ್ದು ನೂರಾರು ಸಲ. ಕೇಳಿದ್ದು ನೋಡಿದ್ದರ ಮೇಲೆ ಕೂತುಬಿಟ್ಟಿತ್ತು.

ಕೆಲವು ತಿಂಗಳ ನಂತರ ಜಬೀವುಲ್ಲಾನ ಅಂಗಡಿಗೆ ಹೋದಾಗ ಹೊಸ ಕ್ಯಾಸೆಟ್ಟುಗಳು ಸಾಲಾಗಿದ್ದವು. ಪ್ರತಿ ಕ್ಯಾಸೆಟ್ಟಿನ ಒಂದು ಮಗ್ಗುಲಲ್ಲಿ ಹಳೆಯ ವೇಗದ್ದು, ಇನ್ನೊಂದರಲ್ಲಿ ನಾನು ಮಾಡಿದ್ದು. ಗಿರಾಕಿಗಳು ಯಾವುದು ಅಸಲಿ ಅಂತ ಕೇಳಿದರೆ ಏನು ಹೇಳುತ್ತೀಯ ಎಂದೆ.

“ಎ ಸೈಡ್ ನಮ್ದು, ಬಿ ಸೈಡ್ ಅವ್ವಂದು ಅಂತೀನಿ ಸಾರ್.”

ನಿವೃತ್ತನಾಗುವವರೆಗೆ ಎಷ್ಟೋ ಮಂದಿಯ ನೆನಪುಗಳನ್ನು ಮುದ್ರಿಸಿಕೊಂಡೆ. ಈ ಪ್ರಸಂಗದ ನಂತರ ಯಾರ ಮಾತನ್ನೂ ಸುಳ್ಳು, ನಿಜ ಎಂದು ಮೊದಲೇ ವಿಂಗಡಿಸಲಿಲ್ಲ. ಅದು ಅವರೊಳಗೆ ಯಾವ ಸೆಲ್ಲಿನಲ್ಲಿ ಮುದ್ರಿತವಾಯಿತು, ಆಮೇಲೆ ಎಷ್ಟು ಸಲ ಸುತ್ತಿತು ಎಂದು ವಿಚಾರಿಸುವ ಅಭ್ಯಾಸ ಮಾಡಿಕೊಂಡೆ. ನನ್ನ ವಿಷಯದಲ್ಲಿ ಅದು ಅಷ್ಟಾಗಿ ಉಪಯೋಗಕ್ಕೆ ಬಂದಿಲ್ಲ. ಹಮ್ಮನ್ನು ನಾನೇ ಅಳೆದಿದ್ದೇನೆ, ಗುಂಡಿ ನಾನೇ ತಿರುಗಿಸಿದ್ದೇನೆ. ಆದರೂ ಕಣ್ಣು ಮುಚ್ಚಿ ಆ ಕಾರ್ಯಕ್ರಮವನ್ನು ನೆನೆದರೆ ಇವತ್ತಿಗೂ ತಿಪ್ಪೇಶ ವೇಗವಾಗಿಯೇ ನುಡಿಸುತ್ತಾನೆ.