ಮನೆ ಮಾಲೀಕರು ಹಾಕಿದ ಮತ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನನ್ನ ಗಂಡ ದಿನಾ ರೈಲಿನಲ್ಲಿ ವೆಸ್ಟೆರಾಸ್ ನಗರಕ್ಕೆ ಕೆಲಸಕ್ಕೆ ಹೋಗಿಬರುತ್ತಿದ್ದ. ನಾವಿದ್ದದ್ದು ಆ ಪರದೇಶದ ಒಂದು ಹಳ್ಳಿಯಲ್ಲಿ, ಒಬ್ಬ ರೈತರ ಮನೆಯ ಮಹಡಿಯ ಮೇಲೆ. ಅವರು ಬೆಳಿಗ್ಗೆ ಹಾಲು ಕರೆದು, ಸ್ನಾನ ಮಾಡಿ, ಕೋಟು ತೊಟ್ಟು, ಆಸ್ಪತ್ರೆಗಳನ್ನು ನಡೆಸುವ ಜಿಲ್ಲಾ ಸಭೆಗೆ ಹೊರಡುವರು. ರಾಜಕಾರಣಿಯಾದರೂ ಸ್ವಂತ ಕೆಲಸ ಬಿಡದಿರುವುದು ಇಲ್ಲಿನ ವಾಡಿಕೆ. ಪಕ್ಕದ ಪಟ್ಟಣದ ಹೆರಿಗೆ ವಾರ್ಡನ್ನು ಮುಚ್ಚಕೂಡದೆಂದು ಟ್ರ್ಯಾಕ್ಟರ್ ಮೆರವಣಿಗೆ ಮಾಡಿಯೇ ಅವರು ಚುನಾವಣೆ ಗೆದ್ದಿದ್ದರು.

ನಾನು ಬಸುರಿಯಾದಾಗ ಫೋನಿನಲ್ಲಿ ಅಮ್ಮನ ಹತ್ತಿರ ಜಂಬ ಕೊಚ್ಚಿಕೊಂಡೆ. "ನಮ್ಮ ಓನರ್ರು ಒಂಥರಾ ಎಮ್ಮೆಲ್ಲೆ ಇದ್ದಂಗೆ ಕಣಮ್ಮಾ."

"ಹಂಗಾದ್ರೆ ಯೋಚ್ನೆ ಬಿಡು. ಒಂದು ಮಾತು ಅವರ ಕಿವಿಗೆ ಹಾಕಿಡು, ಎಲ್ಲಾ ನೋಡ್ಕೋತಾರೆ," ಎಂದಳು ಅಮ್ಮ.

ಹಾಕಿದೆ. ಅವರಿಗೆ ಅರ್ಥವೇ ಆಗಲಿಲ್ಲ. "ನನಗ್ಯಾಕೆ ಹೇಳಬೇಕು? ವಾರ್ಡು ಎಲ್ಲರಿಗೂ ಇದೆಯಲ್ಲ," ಎಂದರು. ನಮ್ಮವರೊಬ್ಬರು ಅಧಿಕಾರದಲ್ಲಿದ್ದರೆ ನಮಗೊಂದು ಹಿಂಬಾಗಿಲು ತೆರೆದಿರುತ್ತದೆ ಎಂದು ನಂಬಿ ಬೆಳೆದವಳು ನಾನು. ಆದರೂ ಆ ಮಾತು ಕೇಳಿ ಸಮಾಧಾನವಾಯಿತು.

ನನಗೆ ಏಳು ತುಂಬುವಷ್ಟರಲ್ಲಿ ಅವರ ಪಕ್ಷವೇ ದುಡ್ಡಿಲ್ಲವೆಂದು ವಾರ್ಡು ಮುಚ್ಚಲು ತೀರ್ಮಾನಿಸಿತು. ಪಕ್ಷದ ಜೊತೆ ಇವರೂ ಕೈ ಎತ್ತಿದರು. ಮುಂದಿನ ತಿಂಗಳೇ ವಾರ್ಡಿಗೆ ಬೀಗ ಬಿತ್ತು, ಇನ್ನು ಹೆರಿಗೆಗೆ ದೂರದ ದೊಡ್ಡ ಆಸ್ಪತ್ರೆಯೇ ಗತಿ. ನಮ್ಮ ಕಡೆಯಾಗಿದ್ದರೆ ಟೈರು ಸುಡುತ್ತಿದ್ದರು. ಇಲ್ಲಿ ನೆರೆಯವರು ಇವರ ಮನೆಗೆ ಕಾಫಿಗೆ ಬರುವುದನ್ನು ನಿಲ್ಲಿಸಿದರು, ಅಷ್ಟೆ.

ನೋವು ಶುರುವಾದದ್ದು ಬೆಳಗಿನ ಹೊತ್ತು. ಹೊರಗೆ ಹಿಮ ಸುರಿಯುತ್ತಿತ್ತು. ಗಂಡ ಆಗಲೇ ರೈಲು ಹತ್ತಿದ್ದ, ಆಂಬುಲೆನ್ಸು ಎಲ್ಲೋ ದೂರದಲ್ಲಿತ್ತು. ಮಾಲೀಕರು ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು, ಕೊಟ್ಟಿಗೆಯ ಬೂಟಿನಲ್ಲೇ ಕಾರು ತೆಗೆದರು. ದೊಡ್ಡ ಆಸ್ಪತ್ರೆಯ ದಾರಿ ಮುಗಿಯುವಂತಿರಲಿಲ್ಲ. ತಿರುವಿನಲ್ಲಿ ಕಾರು ಜಾರಿ ಅಡ್ಡಲಾಗಿ ನಿಂತಿತು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಹಸು ಕರು ಹಾಕೋವಾಗ ಡಾಕ್ಟ್ರು ಕೊಟ್ಟಿಗೆಗೇ ಬರ್ತಾರಲ್ರೀ!" ಎಂದು ಕನ್ನಡದಲ್ಲೇ ಕಿರುಚಿದೆ. ಅವರಿಗೆ ಪದ ತಿಳಿಯಲಿಲ್ಲ, ಬೈಗುಳ ತಿಳಿಯಿತು. "ಕ್ಷಮಿಸು, ಕ್ಷಮಿಸು," ಎನ್ನುತ್ತಲೇ ಗಾಡಿ ಓಡಿಸಿದರು. ಅಳುತ್ತಿದ್ದರು. ಆಸ್ಪತ್ರೆಯ ಮಂಚ ಹತ್ತಿದ ಸ್ವಲ್ಪ ಹೊತ್ತಿಗೇ ಮಗಳು ಹುಟ್ಟಿದಳು.

ಬಾಣಂತನದಲ್ಲಿರುವಾಗ ಗಂಡ ಊರಿನ ಪತ್ರಿಕೆ ಓದಿ ಹೇಳಿದ. ಸಭೆಯಲ್ಲಿ ಮಾಲೀಕರು ಮಾತಾಡಿದ್ದರಂತೆ: ನಮ್ಮ ಬಾಡಿಗೆಯವರೇ ಹಿಮ ಬೀಳುವಾಗಲೂ ಹೊತ್ತಿಗೆ ಸರಿಯಾಗಿ ದೊಡ್ಡ ಆಸ್ಪತ್ರೆ ಸೇರಿದರು, ತಾಯಿ ಮಗು ಕ್ಷೇಮ, ಜನ ಹೆದರಬೇಕಾಗಿಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದಕ್ಕೇ ನನ್ನ ಮೈ ಉರಿಯಿತು. ನನ್ನ ಹೆರಿಗೆಯನ್ನೇ ಸಾಕ್ಷಿ ಮಾಡಿಕೊಂಡಿದ್ದರು, ನನ್ನನ್ನು ಒಂದು ಮಾತು ಕೇಳದೆ.

ಸಂಜೆ ಅವರು ಮಗುವಿಗೆ ಉಣ್ಣೆಯ ಟೋಪಿ ಹಿಡಿದು ಬಂದರು. ಮನಸ್ಸು ತಡೆಯದೆ ಕೇಳಿಯೇ ಬಿಟ್ಟೆ. "ಕಾರು ಜಾರಿದ್ದು, ನೀವು ಅತ್ತಿದ್ದು, ಅದನ್ನ ಯಾಕೆ ಹೇಳ್ಲಿಲ್ಲ?"

ಅವರು ಟೋಪಿಯನ್ನು ಮಗುವಿನ ತಲೆಗೆ ತೊಡಿಸಿದರು.

"ಅದನ್ನ ಹೇಳಿದ್ರೆ ವಾರ್ಡು ಮತ್ತೆ ತೆರೀಬೇಕಾಗ್ತಿತ್ತು," ಎಂದರು.